ಹಿಡಿ ರಾಗಿಯ ಪಟ್ಟಿ

ಕೇಳುವುದೂ ಒಂದು ಕಸುಬು. ನಾನು ಅದನ್ನು ಒಂಬತ್ತು ವರ್ಷ ಮಾಡಿದೆ. ಮಧುಗಿರಿಯಲ್ಲಿ ಹೆಂಗಸರೇ ಸೇರಿ ನಡೆಸುತ್ತಿದ್ದ ಒಂದು ಹೆರಿಗೆಮನೆಗೆ ನಾನು ಕಾರ್ಯದರ್ಶಿ. ಕಾರ್ಯದರ್ಶಿ ಅಂದರೆ ದೊಡ್ಡ ಹುದ್ದೆ ಅಂದುಕೊಳ್ಳಬೇಡಿ. ಊರೂರು ತಿರುಗಿ, ಜಗಲಿ ಜಗಲಿ ಹತ್ತಿ, ಕೊಡಿ ಕೊಡಿ ಎಂದು ಕೇಳುವವಳು, ಅಷ್ಟೆ. ಒಳ್ಳೆಯ ಸೀರೆ ಉಟ್ಟು ಹೋದರೆ ಇವಳಿಗೇನು ಕಮ್ಮಿ ಅನ್ನುವರು, ಹಳೆಯದು ಉಟ್ಟು ಹೋದರೆ ಬಾಗಿಲಲ್ಲೇ ನಿಲ್ಲಿಸುವರು. ಕೊನೆಗೆ ಎರಡರ ನಡುವಿನದೊಂದು ಸೀರೆ ಗೊತ್ತುಮಾಡಿಕೊಂಡಿದ್ದೆ, ಬೂದಿ ಬಣ್ಣದ್ದು. ಅದನ್ನು ನಾನು ಹಗ್ಗದಿಂದ ತೆಗೆಯುವುದು ಕಂಡರೆ ಸಾಕು, ನಮ್ಮ ಯಜಮಾನರು "ಇವತ್ತು ಯಾವ ಊರಿಗೆ ಗ್ರಹಚಾರ?" ಎಂದು ಕೇಳುತ್ತಿದ್ದರು. ಅವರು ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟ್ರು. ಹಾಗಾಗಿ ಊರಿಗೆಲ್ಲ ನಾನು ಮೇಷ್ಟ್ರಮ್ಮ.

ಹೆರಿಗೆಮನೆ ಎಂದರೆ ಬೆಟ್ಟದ ಬುಡದಲ್ಲಿ ಹೆಂಚು ಹೊದಿಸಿದ ಎರಡು ಕೋಣೆ, ನಾಲ್ಕು ಮಂಚ, ಒಂದು ಅಡಿಗೆಮನೆ. ಬೆಂಗಳೂರಿನಲ್ಲಿ ಕಲಿತು ಬಂದ ಒಬ್ಬ ನರ್ಸಮ್ಮ. ಅವರ ಸಂಬಳಕ್ಕೆ ಸರ್ಕಾರ ವರ್ಷಕ್ಕೊಮ್ಮೆ ಸಹಾಯಧನ ಕೊಡುತ್ತಿತ್ತು. ಉಳಿದದ್ದೆಲ್ಲ ನಮ್ಮ ತಲೆಯ ಮೇಲೆ. ಹೆರಿಗೆಗೆ ಬಂದವಳು ಹತ್ತು ದಿನ ಇರುತ್ತಿದ್ದಳು, ಅವಳ ಜೊತೆಗೆ ಒಬ್ಬರು ಇರುತ್ತಿದ್ದರು, ಇಬ್ಬರಿಗೂ ಎರಡು ಹೊತ್ತು ಊಟ. ನನ್ನ ಅಕ್ಕ ಚೊಚ್ಚಲ ಹೆರಿಗೆಯಲ್ಲಿ, ಹಿತ್ತಲ ಕೋಣೆಯ ಕತ್ತಲಲ್ಲಿ, ಮೂರು ದಿನ ನರಳಿ ಹೋದಳು. ಆಗ ನನಗೆ ಹನ್ನೊಂದು ವರ್ಷ. ಈ ಹೆರಿಗೆಮನೆಗೆ ನಾನು ಯಾಕೆ ಅಂಟಿಕೊಂಡೆ ಎಂದು ಯಾರಾದರೂ ಕೇಳಿದರೆ ಸಮಾಜಸೇವೆ ಅನ್ನುತ್ತಿದ್ದೆ. ನಿಜವಾದ ಕಾರಣ ಅಕ್ಕ.

ನಮ್ಮ ಸಂಘಕ್ಕೆ ಅಧ್ಯಕ್ಷರು ಯಾವಾಗಲೂ ಅಮಲ್ದಾರರ ಹೆಂಡತಿ. ಯಾರು ಹಾಗೆ ಗೊತ್ತುಮಾಡಿದರೋ ಕಾಣೆ. ಅಮಲ್ದಾರರಿಗೆ ವರ್ಗವಾದರೆ ನಮಗೆ ಅಧ್ಯಕ್ಷರು ಬದಲು. ನನ್ನ ಕಾಲದಲ್ಲಿ ಐವರು ಬಂದು ಹೋದರು. ಒಬ್ಬರಿಗೆ ವೀಣೆಯ ಹುಚ್ಚು, ಒಬ್ಬರಿಗೆ ಬಾಯಿ ತೆರೆಯಲು ಸಂಕೋಚ, ಒಬ್ಬರು ಬಂದ ತಿಂಗಳಿಗೇ ತವರಿಗೆ ಹೋದವರು ತಿರುಗಿ ಬರಲಿಲ್ಲ. ಪ್ರತಿಯೊಬ್ಬರಿಗೂ ಮೊದಲಿಂದ ಪಾಠ ಒಪ್ಪಿಸಬೇಕು, ಅವರಿಗೆ ಅರ್ಥವಾಗುವ ಹೊತ್ತಿಗೆ ಗಾಡಿಗೆ ಸಾಮಾನು ಹೇರುತ್ತಿರುತ್ತಾರೆ. ಮುಂದೆ ನಿಂತು ನಡೆಸುವುದು ಅಂದರೆ ನನಗೆ ಗೊತ್ತಿದ್ದದ್ದು ಇಷ್ಟೆ: ಎಲ್ಲರೂ ಎದ್ದು ಹೋದ ಮೇಲೆ ಜಮಖಾನ ಮಡಿಸುವುದು.

ಯುದ್ಧದ ಮೂರನೆಯದೋ ನಾಲ್ಕನೆಯದೋ ವರ್ಷ ಇದ್ದದ್ದೂ ಕೆಟ್ಟಿತು. ಸೀಮೆಎಣ್ಣೆ ಇಲ್ಲ, ಬಟ್ಟೆ ಇಲ್ಲ. ಬೆಳೆದ ರಾಗಿಯಲ್ಲಿ ಮನೆ ಖರ್ಚಿಗೆ ಇಷ್ಟು ಎಂದು ಬಿಟ್ಟು ಮಿಕ್ಕಿದ್ದನ್ನು ಸರ್ಕಾರಕ್ಕೆ ಅಳೆಯಬೇಕು. ಅಳೆಸುವುದು ಅಮಲ್ದಾರರ ಕಚೇರಿ. ಅಳೆಯುವವರು ಇವತ್ತು ಯಾವ ಊರಿಗೆ ಬಂದಾರು ಎಂದು ಜನ ರಸ್ತೆ ನೋಡುತ್ತಿದ್ದರು. ನಾಳೆ ಏನು ಎಂದು ಗೊತ್ತಿಲ್ಲದವರ ಹತ್ತಿರ ಹೋಗಿ ಕೊಡಿ ಅಂದರೆ ಯಾರ ಮುಖ ಅರಳುತ್ತದೆ?

ಆದರೂ ತಿರುಗಿದೆ. ಇದ್ದಿಲು ಗ್ಯಾಸಿನ ಬಸ್ಸಿನಲ್ಲಿ ಪಾವಗಡಕ್ಕೆ ಹೋದೆ. ಆ ಬಸ್ಸು ಏರು ಬಂದಲ್ಲೆಲ್ಲ ನಿಲ್ಲುವುದು, ಗಂಡಸರು ಇಳಿದು ತಳ್ಳುವುದು, ಹಿಂದೆ ಕಟ್ಟಿದ ಒಲೆಯಿಂದ ಬೂದಿ ಹಾರಿ ನನ್ನ ಬೂದಿ ಬಣ್ಣದ ಸೀರೆಗೆ ಕೂರುವುದು. ಅಲ್ಲಿಯ ಕಡಲೆಕಾಯಿ ವ್ಯಾಪಾರಿಯೊಬ್ಬರು ಕಾಫಿ ಕೊಟ್ಟು, ನನ್ನ ಮಾತನ್ನೆಲ್ಲ ಕೇಳಿ, "ಯುದ್ಧದ ಕಾಲ್ದಾಗ ದಾನ ಅಂದ್ರೆ ಎಟ್ಲಮ್ಮಾ? ಮುಂದಲ ಸಲ ಚೂಸ್ತಾಂ" ಎಂದು ತೆಲುಗು ಬೆರೆಸಿ ಮುಂದಿನ ಸಲಕ್ಕೆ ತಳ್ಳಿ, ಒಂದು ಡಬ್ಬ ಎಣ್ಣೆ ಕೊಟ್ಟು ಕೈಮುಗಿದರು. ಶಿರಾದಲ್ಲಿ ಒಬ್ಬ ಸಾಹೇಬರು, ಕಂಬಳಿ ವ್ಯಾಪಾರದವರು, ಕೇಳುವ ಮುಂಚೆಯೇ ಎಂಟು ಕಂಬಳಿ ಕಟ್ಟಿಸಿಟ್ಟಿದ್ದರು. ನಾನು ಪುಸ್ತಕ ತೆಗೆದು ಹೆಸರು ಬರೆಯಲು ಹೊರಟರೆ ಅವರು ಕೈ ಅಡ್ಡ ಹಿಡಿದರು. "ನಾಮ್ ಬೇಡ ಅಮ್ಮಾ. ಕೊಟ್ಟಿದ್ದು ಕೊಟ್ಟೆ, ಖತಂ. ನಮ್ಮನೇಲಿ ಕೂಡ ಹೇಳ್ಬೇಡಿ." ವಿಚಿತ್ರ ಮನುಷ್ಯ ಅಂದುಕೊಂಡು ಬಂದೆ. ಅವತ್ತೇ ಸ್ವಲ್ಪ ಯೋಚನೆ ಮಾಡಿದ್ದರೆ ಮುಂದಿನದೆಲ್ಲ ಆಗುತ್ತಿರಲಿಲ್ಲ. ಕೊರಟಗೆರೆಯ ಜಮೀನ್ದಾರರು ಇದಕ್ಕೆ ತದ್ವಿರುದ್ಧ. ಅವರು ಮೂರನೆಯ ಕೋಣೆ ಕಟ್ಟಿಸಿಕೊಡುತ್ತೇನೆ ಎಂದರು, ಅವರ ತಾಯಿಯ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಬಾಗಿಲ ಮೇಲೆ ಕೂರಿಸಬೇಕು, ಅಷ್ಟೆ. ಜ್ವರ ಬಂದ ಬಾಣಂತಿಯರನ್ನು ಬೇರೆ ಇಡಲು ಜಾಗವಿಲ್ಲದೆ ನರ್ಸಮ್ಮ ಒದ್ದಾಡುತ್ತಿದ್ದರು. ಆ ಕೋಣೆಗಾಗಿ ನಾನು ಕೊರಟಗೆರೆಗೆ ಆರು ಸಲ ಹೋದೆ.

ಇಷ್ಟು ದೊಡ್ಡವರ ಕಥೆ. ಆದರೆ ದಿನಾ ಒಲೆ ಉರಿಯುತ್ತಿದ್ದದ್ದು ಇವರಿಂದ ಅಲ್ಲ.

ನಮ್ಮಲ್ಲಿ ಒಬ್ಬಳು ಅಜ್ಜಿ ಇದ್ದಳು. ಮೂವತ್ತು ವರ್ಷ ಬಡವನಹಳ್ಳಿ, ಪುರವರದ ಕಡೆ ಸೂಲಗಿತ್ತಿಯಾಗಿದ್ದವಳು. ಕಣ್ಣು ಮಂದವಾದ ಮೇಲೆ ಹೆರಿಗೆ ಮಾಡಿಸುವುದು ಬಿಟ್ಟು ನಮ್ಮಲ್ಲಿಗೆ ಬಂದು, "ನಂಗೊಂದು ಚೀಲ ಕೊಡಿ" ಅಂದಳು. ಚೀಲ ಹಿಡಿದು ಸಂತೆಗೆ ಹೋಗುವ ಗಾಡಿ ಹತ್ತಿ ಹೊರಟರೆ ಸಂಜೆಗೆ ರಾಗಿ ತುಂಬಿಕೊಂಡು ಬರುವಳು. ಅವಳದೇ ಏರ್ಪಾಡು ಅದು. ತಾನು ಹೆರಿಗೆ ಮಾಡಿಸಿದ ಮನೆಗಳಲ್ಲಿ ಸೊಸೆಯಂದಿರಿಗೆ ಹೇಳಿಟ್ಟಿದ್ದಳು: ಬೆಳಿಗ್ಗೆ ಬೀಸಲು ಕೂತಾಗ ಅತ್ತೆ ಅಳೆದುಕೊಟ್ಟ ರಾಗಿಯಲ್ಲಿ ಒಂದು ಹಿಡಿ ತೆಗೆದು ಬೀಸೋಕಲ್ಲಿನ ಹಿಂದೆ ಒಂದು ಕುಡಿಕೆಗೆ ಹಾಕಿ. ಗಂಡಸರೂ ಅತ್ತೆಯರೂ ಹೊಲಕ್ಕೆ ಹೋದ ಹೊತ್ತಿನಲ್ಲಿ ಅಜ್ಜಿ ಹಿತ್ತಲ ಬಾಗಿಲಲ್ಲಿ ನಿಂತು ಕೆಮ್ಮುವಳು. ಕುಡಿಕೆ ಚೀಲಕ್ಕೆ ಬೋರಲಾಗುವುದು. ಮಾತಿಲ್ಲ, ಕಥೆಯಿಲ್ಲ.

"ಮನೇಲಿ ರಾಗಿ ಕಡಿಮೆ ಬಿದ್ದರೆ ಗೊತ್ತಾಗಲ್ವಾ ಅಜ್ಜಿ?" ಎಂದು ನಾನೊಮ್ಮೆ ಕೇಳಿದ್ದೆ.

"ಮನೇಲಿ ಯಾಕ್ ಕಡಿಮೆ ಬೀಳ್ತದೆ ಮೇಷ್ಟ್ರಮ್ಮ? ಎಲ್ರಿಗೂ ಇಕ್ಕಿ ಕೊನೇಗೆ ಉಣ್ಣೋಳು ಸೊಸೆ ಅಲ್ವಾ. ಅವಳ ಮುದ್ದೆ ಸಣ್ಣದಾಯ್ತದೆ, ಅಷ್ಟೆ. ಅದು ಮನೆ ರಾಗಿ ಅಲ್ಲ ಕಣಮ್ಮ, ಅವಳ ಹೊಟ್ಟೆ ರಾಗಿ."

ಆ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಕಣ್ಣು ತುಂಬಿ ಬಂದದ್ದು ನಿಜ, ಮಾತು ತಲೆಗೆ ಹೋಗದೇ ಇದ್ದದ್ದೂ ನಿಜ.

ಬಡವನಹಳ್ಳಿಯಲ್ಲಿ ಹಾಗೆ ಹಿಡಿ ರಾಗಿ ಕೊಡುತ್ತಿದ್ದವರಲ್ಲಿ ಒಬ್ಬ ಸೊಸೆ ಗರ್ಭಿಣಿ. ಅವಳಿಗೆ ಮೊದಲಿನ ಎರಡು ಮಕ್ಕಳೂ ಹುಟ್ಟಿದ ದಿನವೇ ಹೋಗಿದ್ದವು. ಎರಡನೆಯ ಸಲ ಅವಳು ಉಳಿದದ್ದೇ ಹೆಚ್ಚು. ಆ ಹೆರಿಗೆ ಮಾಡಿಸಿದವಳು ನಮ್ಮ ಅಜ್ಜಿಯೇ. ಅದಾದ ಮೇಲೆಯೇ ಅವಳು ಕಸುಬು ಬಿಟ್ಟದ್ದು, ಕಣ್ಣಿನ ನೆಪ ಆಮೇಲಿನದು. ಈ ಸಲ ಅಜ್ಜಿ ಅತ್ತೆಯನ್ನು ಒಪ್ಪಿಸಿ, ಆರನೆಯ ತಿಂಗಳಲ್ಲಿ ಸೊಸೆಯನ್ನು ಗಾಡಿಯಲ್ಲಿ ಕರೆತಂದು ನರ್ಸಮ್ಮನಿಗೆ ತೋರಿಸಿದ್ದಳು. "ಹೆರಿಗೆ ಇಲ್ಲೇ ಆಗಬೇಕು. ಮನೆಯಲ್ಲಿ ಆದರೆ ಈ ಸಲ ತಾಯಿಯ ಆಸೆಯನ್ನೂ ಬಿಡಬೇಕಾಗುತ್ತೆ" ಎಂದು ನರ್ಸಮ್ಮ ಕಡ್ಡಿ ಮುರಿದಂತೆ ಹೇಳಿದರು. ಆ ಹುಡುಗಿ ಹೋಗುವಾಗ ನಮ್ಮ ಮಂಚವನ್ನು ಒಮ್ಮೆ ಅಂಗೈಯಿಂದ ಒತ್ತಿ ನೋಡಿದಳು. ಇಷ್ಟು ಮೆತ್ತಗಿರುತ್ತದೆಯಾ ಎಂದು ನಕ್ಕಳು. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು.

ಆ ಹೊತ್ತಿಗೆ ಐದನೆಯ ಅಧ್ಯಕ್ಷರು ಬಂದರು. ಒಳ್ಳೆಯವರು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ತಪ್ಪು ಅವರದಲ್ಲ. ಓದಿಕೊಂಡವರು, ಚುರುಕು, ನಾಲ್ಕು ಜನಕ್ಕೆ ಉಪಕಾರವಾಗಲಿ ಎಂಬ ಆಸೆ ಇದ್ದವರು. "ಈ ವರ್ಷ ಸಹಾಯಧನ ಬರುತ್ತೋ ಇಲ್ಲವೋ ಅನುಮಾನ. ಜನರ ಬೆಂಬಲ ಇದೆ ಅಂತ ತೋರಿಸೋಣ. ರಾಗಿ ಕೊಡೋರ ಹೆಸರಿನ ಪಟ್ಟಿ ಮಾಡಿ. ಬಡವನಹಳ್ಳಿಯಲ್ಲೇ ಒಂದು ಸಭೆ ಮಾಡಿ ಹೆಸರು ಓದಿ ವಂದನೆ ಹೇಳೋಣ. ಕೇಳಿದವರು ನಾವೂ ಕೊಡ್ತೀವಿ ಅಂತ ಮುಂದೆ ಬರ್ತಾರೆ" ಅಂದರು.

ನನಗೂ ಅದು ಸರಿ ಕಂಡಿತು. ನಮ್ಮ ಸೀಮೆಯಲ್ಲಿ ಮದುವೆ ಆದರೆ ಮುಯ್ಯಿ ಓದಿಸುವುದಿಲ್ಲವೇ? ಚಪ್ಪರದ ಕೆಳಗೆ ಒಬ್ಬ ಕೂತು ಇಂಥವರದು ಇಷ್ಟು, ಇಂಥವರದು ಒಂದು ಚೊಂಬು ಎಂದು ಊರಿಗೆ ಕೇಳುವ ಹಾಗೆ ಕೂಗಬೇಕು. ಕೂಗುವುದು ಮರೆತರೆ ವರ್ಷಗಟ್ಟಲೆ ಮಾತು ಬಿಟ್ಟವರನ್ನು ನಾನು ಕಂಡಿದ್ದೇನೆ. ಹಾಗಿರುವಾಗ, ಕೊಟ್ಟವರು ಹೆಸರು ಕೇಳಿಸಿಕೊಳ್ಳಲು ಇಷ್ಟಪಡುತ್ತಾರೆ ಎನ್ನುವುದರಲ್ಲಿ ನನಗೆ ಅನುಮಾನವೇ ಬರಲಿಲ್ಲ. ಮುಯ್ಯಿ ಕೊಡುವವನು ಮನೆಯ ಯಜಮಾನ, ಹಿಡಿ ರಾಗಿ ಕೊಡುವವಳು ಸೊಸೆ. ಈ ವ್ಯತ್ಯಾಸ ಹೆಣ್ಣಾದ ನನಗೇ ಹೊಳೆಯಲಿಲ್ಲ. ದಣಿದಿದ್ದೆ ಕೂಡ. ಇದೊಂದು ನಡೆದರೆ ಒಂದು ವರ್ಷ ಬಸ್ಸು ಹತ್ತುವುದು ತಪ್ಪುತ್ತದೆ ಎಂಬ ಆಸೆ.

ಅಜ್ಜಿ ಹೆಸರು ಹೇಳಲು ಒಪ್ಪಲಿಲ್ಲ. "ಕಾಳಿಗೆ ಹೆಸ್ರು ಯಾಕವ್ವ?" ಅಂದಳು. ಮರುದಿನ ಕೇಳಿದರೆ ಮರೆತೆ ಅಂದಳು. ಮೂರನೆಯ ದಿನ ನಾನು ಗದರಿಸಿದೆ. "ಪಟ್ಟಿ ಇಲ್ಲದಿದ್ದರೆ ನರ್ಸಮ್ಮನನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ಆ ಹುಡುಗಿಯ ಹೆರಿಗೆ ಯಾರು ಮಾಡಿಸುತ್ತಾರೆ, ನೀನಾ?" ಎಂದುಬಿಟ್ಟೆ. ಅಜ್ಜಿ ನನ್ನ ಮುಖವನ್ನೇ ನೋಡಿದಳು. ಆಮೇಲೆ ಗೋಡೆಗೆ ಒರಗಿ ಕೂತು ಒಂದೊಂದೇ ಮನೆ ಹೇಳುತ್ತಾ ಹೋದಳು. ನಾನು ಮುದ್ದಾದ ಅಕ್ಷರದಲ್ಲಿ ಬರೆದುಕೊಂಡೆ.

ಬಡವನಹಳ್ಳಿಯ ಚಾವಡಿಯ ಮುಂದೆ ಸಭೆ. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಮರದ ಕೆಳಗೆ. ಅಧ್ಯಕ್ಷರು ಕುರ್ಚಿಯಲ್ಲಿ. ಅವರ ಜೊತೆ ಅಮಲ್ದಾರರ ಕಚೇರಿಯ ಇಬ್ಬರು ಗುಮಾಸ್ತರು, ದಾರಿಯಲ್ಲಿ ಆಸರೆಗೆಂದು ಬಂದವರು. ನಾನು ಎದ್ದು ನಿಂತು ಮುಯ್ಯಿ ಓದುವ ರಾಗದಲ್ಲೇ ಓದಿದೆ. ಇಂಥವರ ಹೆಂಡತಿಯಿಂದ ದಿನಕ್ಕೊಂದು ಹಿಡಿ ರಾಗಿ. ಇಂಥವರ ಕಿರಿ ಸೊಸೆಯಿಂದ ದಿನಕ್ಕೊಂದು ಹಿಡಿ ರಾಗಿ. ನನ್ನ ಗಂಟಲು ಚೆನ್ನಾಗಿತ್ತು ಆಗ. ನಾಲ್ಕೈದು ಹೆಸರು ಓದುವಷ್ಟರಲ್ಲಿ ಬೇವಿನ ಮರದ ಕೆಳಗೆ ಸದ್ದು ನಿಂತಿತು. ಭಕ್ತಿಯಿಂದ ಕೇಳುತ್ತಿದ್ದಾರೆ ಅಂದುಕೊಂಡು ಇನ್ನೂ ಗಟ್ಟಿಯಾಗಿ ಓದಿದೆ. ತಲೆಯೆತ್ತಿ ನೋಡಿದಾಗ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡ ತಲೆಗಳಷ್ಟೇ ಕಂಡವು. ಕಟ್ಟೆಯ ಮೇಲೆ ಒಬ್ಬ ಗಂಡಸು ಗುಮಾಸ್ತರ ಕಡೆ ನೋಡಿ, ಹೆಗಲ ಟವಲು ಒದರಿಕೊಂಡು ಎದ್ದು ಹೋದ. ಅವನ ಹಿಂದೆ ಇನ್ನಿಬ್ಬರು.

ಮುಂದಿನ ಸಂತೆಯ ದಿನ ಅಜ್ಜಿ ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಂದಳು.

"ಒಂದು ಮನೇಲೂ ಕುಡಿಕೆ ಇಲ್ಲ. ಯಾರ ಕಣ್ಣಿಗೂ ಬೀಳ್ದಂಗೆ ಸೊಸೇರೇ ಒಡೆದು ಹಾಕವ್ರೆ" ಅಂದಳು. "ಕಾಳು ಅಳೆಯೋ ಕಚೇರಿಯೋರ ಮುಂದೇನೇ, ಈ ಮನೇಲಿ ದಾನ ಮಾಡೋವಷ್ಟು ರಾಗಿ ಐತೆ ಅಂತ ಕೂಗ್ಬುಟ್ರಲ್ಲ ಮೇಷ್ಟ್ರಮ್ಮ. ನಾಳೆ ಇನ್ನೂ ಅಳೀರಿ ಅಂದ್ರೆ ಏನ್ ಮಾಡೋದು ಅಂತ ಗಂಡಸ್ರಿಗೆ ಭಯ. ಅತ್ತೇರಿಗೆ ಇನ್ನೊಂದು. ಸೊಸೆ ಕದ್ದಳು ಅಂತ."

"ಆ ಹುಡುಗಿ?" ಎಂದೆ.

"ಒಂಬತ್ತು ತಿಂಗ್ಳು ತುಂಬೈತೆ. ಇಲ್ಲಿಗೆ ಕಳಿಸಲ್ಲ ಅಂದ್ಬುಟ್ಲು ಅವರತ್ತೆ. ನನ್ನನ್ನ ಹಿತ್ಲಿಗೂ ಬಿಡ್ಲಿಲ್ಲ." ಅಜ್ಜಿ ಮಡಿಸಿದ ಚೀಲವನ್ನು ಬಿಚ್ಚಿ ಮತ್ತೆ ಮಡಿಸಿದಳು. "ನಾನೇ ಹೇಳ್ದೆ ಹೆಸ್ರು. ನೀವು ಬರ್ಕೊಂಡ್ರಿ, ಹೇಳಿದ್ದು ನಾನು." ಅವಳು ಅತ್ತಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮಾರನೆಯ ದಿನವೇ ಹೊರಟೆ. ಅವತ್ತು ಬೂದಿ ಬಣ್ಣದ ಸೀರೆ ಉಡಲಿಲ್ಲ. ಆ ಹುಡುಗಿಯ ಮನೆಯ ಜಗಲಿಯ ಮೇಲೆ ಅವಳ ಅತ್ತೆ ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಾ ಕೂತಿದ್ದರು. ಐವತ್ತರ ಹೆಂಗಸು, ವಿಧವೆ, ಮನೆಯನ್ನು ಎರಡು ಕೈಯಲ್ಲಿ ಹಿಡಿದುಕೊಂಡವರು. ನನ್ನನ್ನು ನೋಡಿ ಕಲ್ಲು ಕೆಳಗಿಡಲಿಲ್ಲ.

"ಬನ್ನಿ ಮೇಷ್ಟ್ರಮ್ಮ. ಇನ್ನೂ ಯಾರ ಹೆಸ್ರು ಕೂಗೋದು ಬಾಕಿ ಐತೆ?"

"ನಾನು ರಾಗಿಗೆ ಬಂದಿಲ್ಲ. ನಿಮ್ಮ ಸೊಸೆಯನ್ನು ಕಳಿಸಿಕೊಡಿ ಅಂತ ಕೇಳೋಕೆ ಬಂದೆ. ತಪ್ಪು ನನ್ನದು. ನನ್ನ ಮೇಲಿನ ಸಿಟ್ಟು ಅವಳ ಮೇಲೆ ತೋರಿಸಬೇಡಿ."

"ಅತ್ತೆ ಕಣ್ಣು ತಪ್ಸಿ ಕಾಳು ಸಾಗ್ಸಿದೋಳು ಅಂತ ಊರೆಲ್ಲ ಮಾತು. ಈಗ ಅಲ್ಲಿಗೇ ಕಳಿಸಿದ್ರೆ, ಹೌದು, ಕದ್ದಿದ್ದು ದಿಟ, ನಾನೂ ಒಪ್ಕೊಂಡೆ ಅಂದಂಗಾಯ್ತದೆ. ನನ್ನ ಮಗ ತಲೆ ಎತ್ತಿ ಓಡಾಡ್ಬ್ಯಾಡ್ವಾ? ಹೆಂಗೆ ಕಳಿಸ್ಲಿ?"

ನಾನು ಏನೇನೋ ಹೇಳಿದೆ. ನರ್ಸಮ್ಮ ಹೇಳಿದ್ದನ್ನೂ ಹೇಳಿದೆ. ಅವರು ಕೇಳುತ್ತಾ ಜಜ್ಜುತ್ತಲೇ ಇದ್ದರು. ಒಳಗೆ ಬಾಗಿಲ ಹಿಂದೆ ಬಳೆ ಸದ್ದಾಯಿತು. ಅತ್ತೆ ಆ ಕಡೆ ಒಮ್ಮೆ ತಿರುಗಿ ನೋಡಿ, ಕಲ್ಲು ನಿಲ್ಲಿಸಿ, ಮೆತ್ತಗೆ, "ಹೆಂಗೆ ಕಳಿಸ್ಲಿ, ನೀವೇ ಹೇಳಿ" ಅಂದರು.

ಗಾಡಿಯಲ್ಲಿ ಹಿಂದಿರುಗುವಾಗ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಎರಡನೆಯ ಸಲ ಕೇಳಿದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅವರು ಕಳಿಸುವುದಿಲ್ಲ ಅನ್ನುತ್ತಿರಲಿಲ್ಲ, ದಾರಿ ಕೇಳುತ್ತಿದ್ದರು. ಊರ ಮುಂದೆ ನಾನು ಹಾಕಿದ ಗಂಟನ್ನು ಊರ ಮುಂದೆಯೇ ಬಿಚ್ಚಬೇಕಿತ್ತು. ಬಿಚ್ಚುವುದು ಹೇಗೆ? ನಾನು ಓದಿದ್ದು ನಿಜ. ಅದು ಸುಳ್ಳಾಗಬೇಕು. ಅದು ಸುಳ್ಳಾದರೆ ನಾನು ಸುಳ್ಳುಗಾತಿ ಆಗಬೇಕು.

ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅವರು ಎಲ್ಲಕ್ಕೂ ತಮಾಷೆ ಮಾಡುವವರು, ಅವತ್ತು ಮಾಡಲಿಲ್ಲ. "ಒಂದು ಸಲ ಹೇಳಿದರೆ ಮತ್ತೆ ಯಾವತ್ತೂ ಹಿಂದಕ್ಕೆ ತಗೊಳ್ಳೋಕಾಗಲ್ಲ. ಸತ್ಯ ಹೇಳಿದರೆ ಆ ಹೆಂಗಸರು ಮತ್ತೆ ಸಿಕ್ಕಿಬೀಳ್ತಾರೆ. ಸಾಯೋವರೆಗೂ ಹೊರಬೇಕು. ಆಗುತ್ತಾ?" ಎಂದು ಕೇಳಿದರು. ನಾನು ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿರಲಿಲ್ಲ. ಕೊರಟಗೆರೆಯವರ ಕೋಣೆ ನೆನಪಾಯಿತು, ಈ ಸುದ್ದಿ ಕೇಳಿದರೆ ಅವರು ಕೈಬಿಡುವುದು ಖಂಡಿತ. ಒಂದು ಹುಡುಗಿಗಾಗಿ ಎಷ್ಟು ಬಾಣಂತಿಯರ ಕೋಣೆ? ಈ ಲೆಕ್ಕ ನನಗೆ ಅವತ್ತೂ ಬಗೆಹರಿಯಲಿಲ್ಲ, ಇವತ್ತೂ ಬಗೆಹರಿದಿಲ್ಲ.

ಸಂತೆಯ ದಿನ ಬಡವನಹಳ್ಳಿಯಲ್ಲಿ ತಳವಾರನಿಗೆ ಹೇಳಿ ತಮಟೆ ಹೊಡೆಸಿದೆ. ಕೊಳ್ಳುವವರು, ಮಾರುವವರು, ಕುರಿಯ ಹಗ್ಗ ಹಿಡಿದವರು, ಎಲ್ಲ ಚಾವಡಿಯ ಮುಂದೆ ಸೇರಿದರು. ಅತ್ತೆಯೂ ಇದ್ದರು, ಮುಂದೆಯೇ. ನಾನು ಆ ಪಟ್ಟಿಯನ್ನೇ ಕೈಯಲ್ಲಿ ಹಿಡಿದು ಹೇಳಿದೆ:

"ಹೋದ ಸಲ ನಾನು ಓದಿದ ಹೆಸರುಗಳು ಸುಳ್ಳು. ಈ ಊರಿನ ಯಾವ ಹೆಂಗಸೂ ಒಂದು ಕಾಳು ರಾಗಿ ಕೊಟ್ಟಿಲ್ಲ. ಯಾರ ಮನೆಯಲ್ಲೂ ಕೊಡುವಷ್ಟು ಇಲ್ಲ. ರಾಗಿ ನಾನು ಪೇಟೆಯಲ್ಲಿ ಕೊಂಡದ್ದು. ಬೆಂಬಲ ಇದೆ ಅಂತ ಸರ್ಕಾರಕ್ಕೆ ತೋರಿಸೋಕೆ ನಾನೇ ಕೂತು ಹೆಸರು ಬರೆದೆ. ಅಧ್ಯಕ್ಷರಿಗೆ ಗೊತ್ತಿಲ್ಲ, ಅಜ್ಜಿಗೆ ಗೊತ್ತಿಲ್ಲ. ತಪ್ಪಾಯಿತು."

ಪಟ್ಟಿಯನ್ನು ಹರಿದು ಹಾಕಿದೆ. ಹಿಂದಿನಿಂದ ಯಾರೋ "ಓದಿದೋರ ಬುದ್ಧಿ ನೋಡ್ಲಾ!" ಎಂದು ಕೂಗಿದರು. ನಗು ಎದ್ದಿತು. ಬೇವಿನ ಮರದ ಕೆಳಗೆ ಮಾತ್ರ ಯಾರೂ ನಗಲಿಲ್ಲ. ಅತ್ತೆ ನನ್ನನ್ನು ದಿಟ್ಟಿಸಿ ನೋಡಿ, ಸುತ್ತಲಿದ್ದವರಿಗೆಲ್ಲ ಕೇಳುವ ಹಾಗೆ, "ನಾನು ಹೇಳ್ಲಿಲ್ವಾ? ನನ್ನ ಸೊಸೆ ಅಂಥೋಳಲ್ಲ ಅಂತ ನಾನು ಅವತ್ತೇ ಹೇಳ್ಲಿಲ್ವಾ?" ಎಂದು ಕೈ ತಿರುವಿದರು. ಅವರು ಅವತ್ತು ಹಾಗೆ ಹೇಳಿರಲಿಲ್ಲ.

ಉಳಿದದ್ದು ಬೇಗ ಬೇಗ ಆಯಿತು. ಅಧ್ಯಕ್ಷರು ನನ್ನನ್ನು ಕರೆಸಿ, ಕೂರಿಸದೆ ಮಾತಾಡಿದರು. "ನಿಮ್ಮನ್ನು ಎಷ್ಟು ನಂಬಿದ್ದೆ" ಅಂದರು. ಅವರ ಕಣ್ಣಲ್ಲಿ ನೀರಿತ್ತು. ನಿಜ ಹೇಳಿಬಿಡಬೇಕು ಎಂದು ನಾಲಿಗೆ ತುದಿಗೆ ಬಂತು. ಅವರು ಒಳ್ಳೆಯವರು, ಆದರೆ ಒಳಗಿನ ಕೋಣೆಯಲ್ಲಿ ಅಮಲ್ದಾರರು ಕೂತಿದ್ದರು. ರಾಜೀನಾಮೆಯ ಕಾಗದ ಕೊಟ್ಟು ಬಂದೆ. ಕೊರಟಗೆರೆಯಿಂದ ಪತ್ರ ಬಂತು: ಸುಳ್ಳು ಬರೆಯುವವರು ನಡೆಸುವ ಕಡೆ ತಮ್ಮ ತಾಯಿಯ ಹೆಸರು ಕೆತ್ತಿಸಲು ಇಷ್ಟವಿಲ್ಲ. ಆ ಕೋಣೆ ಹೋಯಿತು. ಸರ್ಕಾರದ ಸಹಾಯಧನ ಮಾತ್ರ ಪ್ರತಿ ವರ್ಷದ ಹಾಗೆ ತಡವಾಗಿ ಬಂತು, ಯಾವ ಪಟ್ಟಿಯೂ ಇಲ್ಲದೆ. ಅದನ್ನು ಕೇಳಿದ ದಿನ ನಾನು ಹೊದ್ದು ಮಲಗಿಬಿಟ್ಟೆ.

ಸಂತೆಯಾದ ಐದನೆಯ ದಿನ ಬಡವನಹಳ್ಳಿಯ ಗಾಡಿ ಬಂದಿತ್ತು. ಹುಲ್ಲಿನ ಮೇಲೆ ಆ ಹುಡುಗಿ, ಪಕ್ಕದಲ್ಲಿ ಅತ್ತೆ. ಅಜ್ಜಿ ಓಡಿ ಬಂದು ಹೇಳಿದಳು. ಒಳಗೆ ಹೋಗುವ ಅಧಿಕಾರ ಈಗ ನನಗಿರಲಿಲ್ಲ. ಬೇಲಿಯ ಹೊರಗೆ ಹೊಂಗೆ ಮರದ ಕೆಳಗೆ ಕೂತೆ. ಒಂದು ಹಗಲು ಕಳೆಯಿತು. ಮಾರನೆಯ ದಿನ ಮಧ್ಯಾಹ್ನ ಮಗು ಅತ್ತದ್ದು ಕೇಳಿಸಿತು. ಹೆಣ್ಣು. ತಾಯಿಯೂ ಉಳಿದಳು. ನರ್ಸಮ್ಮ ಕಿಟಕಿಯಿಂದ ಕೈ ಬೀಸಿ, ಸೆರಗಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ನಾನು ಮರಕ್ಕೆ ಒರಗಿ ಜೋರಾಗಿಯೇ ಅತ್ತುಬಿಟ್ಟೆ. ನನ್ನ ಅಕ್ಕ ಹೋದಾಗ ಅಷ್ಟು ಅತ್ತಿರಲಿಲ್ಲ.

ಹತ್ತು ದಿನ ಕಳೆದು ಗಾಡಿ ಹೊರಡುವಾಗ ಬೇಲಿಯ ಹತ್ತಿರ ನಿಂತಿದ್ದೆ. ಹುಡುಗಿ ನನ್ನನ್ನು ನೋಡಿ ಮಗುವನ್ನು ಸ್ವಲ್ಪ ಎತ್ತಿ ಹಿಡಿಯಲು ಹೋದಳು. ಅತ್ತೆ ಮಗುವಿನ ಮೇಲೆ ಸೆರಗು ಮುಚ್ಚಿ, ಜವಾನನಿಗೂ ಗಾಡಿ ಹೊಡೆಯುವವನಿಗೂ ಕೇಳುವ ಹಾಗೆ, "ಸುಳ್ಳು ಬರೆಯೋರ ಕಣ್ಣು ಮಗಿನ ಮೇಲೆ ಬೀಳೋದು ಬ್ಯಾಡ" ಅಂದರು. ಗಾಡಿ ಹೋಯಿತು. ಆಡಲೇಬೇಕಾದ ಮಾತು ಅದು, ನನಗೆ ಗೊತ್ತಿತ್ತು. ಆದರೂ ನೋವಾಯಿತು. ಈಗ ನೆನೆದರೂ ಆಗುತ್ತದೆ.

ಊರು ಮರೆಯಲಿಲ್ಲ. ನನ್ನ ಹಿಂದೆ "ಪಟ್ಟಿ ಮೇಷ್ಟ್ರಮ್ಮ" ಅನ್ನುತ್ತಿದ್ದರು. ಅಂಗಡಿಯವನು ನನ್ನೆದುರು ಎರಡೆರಡು ಸಲ ತೂಗಿ ತೋರಿಸುತ್ತಿದ್ದ. ಇನ್ನೊಬ್ಬರು ಕಾರ್ಯದರ್ಶಿಯಾದರು. ಅವರು ಯಾರ ಹೆಸರನ್ನೂ ಬರೆಯಲಿಲ್ಲ, ನನ್ನಂತೆ ಆಗಬಾರದು ಎಂಬ ಎಚ್ಚರದಿಂದ. ಕೇಳಲು ಹೋಗುವ ಕಷ್ಟ ತಪ್ಪಿತು, ಇನ್ನು ಆರಾಮ ಅಂದುಕೊಂಡೆ. ಆರಾಮ ಬರಲಿಲ್ಲ. ಬೂದಿ ಬಣ್ಣದ ಸೀರೆಯನ್ನು ಹರಿದು ಹೆರಿಗೆಮನೆಗೆ ಕೂಸಿನ ಬಟ್ಟೆಗೆಂದು ಅಜ್ಜಿಯ ಕೈಯಲ್ಲಿ ಕಳಿಸಿದೆ. ನನ್ನದು ಎಂದು ಹೇಳಬೇಡ ಅಂದಿದ್ದೆ.

ಎರಡು ತಿಂಗಳಾಗಿರಬೇಕು. ಬೆಳಿಗ್ಗೆ ನಮ್ಮ ಹಿತ್ತಲಲ್ಲಿ ಕೆಮ್ಮು ಕೇಳಿಸಿತು. ನಾನೂ ಬೀಸೋಕಲ್ಲಿನ ಹಿಂದೆ ಒಂದು ಕುಡಿಕೆ ಇಟ್ಟಿದ್ದೆ. ತಂದು ಚೀಲಕ್ಕೆ ಬಗ್ಗಿಸಿದೆ. ಚೀಲದಲ್ಲಿ ಆಗಲೇ ಅರ್ಧದಷ್ಟು ರಾಗಿ ಇತ್ತು.

"ಎಲ್ಲಿಯದು ಅಜ್ಜಿ?"

"ನೆನ್ನೆ ಬಡವನಹಳ್ಳಿಗೆ ಹೋಗಿದ್ದೆ" ಅಂದಳು. ಕುಡಿಕೆಗಳು ಮತ್ತೆ ಬಂದಿವೆಯಂತೆ, ಮೊದಲಿಗಿಂತ ಹೆಚ್ಚೇ. "ಆ ಮನೇಲಿ ಈಗ ಎರಡವೆ ಮೇಷ್ಟ್ರಮ್ಮ. ಸೊಸೇದು ಬೀಸೋಕಲ್ಲ ಹಿಂದೆ. ಅತ್ತೇದು ದೇವ್ರ ಗೂಡಿನ ಹಿಂದೆ. ಅತ್ತೆ ಹೊಲಕ್ಕೆ ಹೋಗೋ ಮುಂಚೆ ಕೈಸನ್ನೆ ಮಾಡಿ ತೋರಿಸಿ ಹೋಯ್ತಾಳೆ. ಒಬ್ರದು ಒಬ್ರಿಗೆ ಗೊತ್ತಿಲ್ಲ."

ಒಂಬತ್ತು ವರ್ಷದ ಅಭ್ಯಾಸ. ನನ್ನ ಕೈ ತಾನಾಗಿ ಗೂಡಿನಲ್ಲಿದ್ದ ಪೆನ್ಸಿಲ್ಲಿನ ಕಡೆ ಹೋಯಿತು.

"ಬರ್ಕೊಬ್ಯಾಡಿ" ಅಂದಳು ಅಜ್ಜಿ. ಕಣ್ಣು ಮಂದ ಅನ್ನುತ್ತಿದ್ದವಳಿಗೆ ಅದು ಹೇಗೆ ಕಂಡಿತೋ.

ಕೈ ಹಿಂದಕ್ಕೆ ತೆಗೆದುಕೊಂಡೆ. ಈಗ ಆ ಅತ್ತೆ ಇಲ್ಲ, ಅಜ್ಜಿ ಇಲ್ಲ, ಕಾಳು ಅಳೆಯುವವರೂ ಇಲ್ಲ. ಅವತ್ತು ಬರೆದುಕೊಳ್ಳದೇ ಬಿಟ್ಟದ್ದನ್ನು ಇಷ್ಟು ವರ್ಷದ ಮೇಲೆ ಬರೆದಿದ್ದೇನೆ. ಯಾರ ಹೆಸರನ್ನೂ ಹಾಕಿಲ್ಲ.